ಮೂರು ಸೂಜಿಗೂ ಮುಚ್ಚದ ಕಣ್ಣು

ಮಾರ್ಚ್ ೪

ಪೂಜ್ಯ ಅಕ್ಕನಿಗೆ,

ನಿನ್ನ ಮಗಳ ಜಠರದಲ್ಲಿ ಹುಣ್ಣಿಲ್ಲ, ಗಂಟಿಲ್ಲ. ನೋಡಲು ಸಾಧ್ಯವಾದಷ್ಟು ಭಾಗ ಸ್ವಚ್ಛವಾಗಿದೆ. ನೋಡಲಾಗದೆ ಉಳಿದ ಭಾಗಕ್ಕೆ ನಾನು ಹೊಣೆಯಲ್ಲ, ಏಕೆಂದರೆ ಬಾಯಿಯ ಮೂಲಕ ಇಳಿಸಿದ ಕ್ಯಾಮೆರಾ ಕೊಳವೆಯನ್ನು ಅರ್ಧದಲ್ಲೇ ಅವಳು ಸ್ವಹಸ್ತದಿಂದ ಕಿತ್ತೆಸೆದಳು.

ಮೂವತ್ತು ವರ್ಷಗಳಿಂದ ಜನರನ್ನು ಮಂಪರಿಗೆ ಕೆಡಹುವುದೇ ನನ್ನ ವೃತ್ತಿ. ಭಾರ ಹೊರುವ ಗಟ್ಟಿಮುಟ್ಟಾದ ಗಂಡಸರು ಕೂಡ ಮೊದಲ ಸೂಜಿಗೆ ಒಂದು, ಎರಡು ಎಂದು ಎಣಿಸತೊಡಗಿ, ಹತ್ತು ಮುಟ್ಟುವ ಮೊದಲೇ ಗೊರಕೆ ಹೊಡೆಯುತ್ತಾರೆ. ನಿನ್ನ ಚಿನಕುರಳಿ ನೂರರವರೆಗೂ ತಪ್ಪಿಲ್ಲದೆ ಎಣಿಸಿ, "ಮಾವ, ಮುಂದಕ್ಕೂ ಹೇಳ್ಲಾ? ಇಲ್ಲ, ಹಿಂದಕ್ಕೆ ಬರ್ಲಾ?" ಎಂದು ಕೇಳಿದಳು. ಎರಡನೆಯ ಸೂಜಿ ಕೊಟ್ಟೆ. ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿದೆಯೆಂದು ನನಗೇ ಹೇಳಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿದಳು. ಮಲಗಿದಳೆಂದುಕೊಂಡು ಕೊಳವೆ ಇಳಿಸಿದೆವು. ಮುಂದಿನದನ್ನು ಮೇಲೆಯೇ ಬರೆದಿದ್ದೇನೆ.

ಅಷ್ಟು ಔಷಧ ಸುರಿದರೂ ಮಂಪರಿಗೆ ಬಾರದವರು ಒಂದೇ ಗುಂಪಿನವರು. ಅದೇ ಬಗೆಯ ಗುಳಿಗೆಗಳನ್ನು ಗುಟ್ಟಾಗಿ ನುಂಗಿ ನುಂಗಿ ಮೈ ಒಗ್ಗಿಸಿಕೊಂಡವರು. "ನಿದ್ರಾಜನಕಗಳ ಗುಪ್ತ ಚಟದ ಶಂಕೆ" ಎಂದು ದಾಖಲೆಯಲ್ಲಿ ಬರೆದಿದ್ದೇನೆ. ಅವಳು ರೈಲು ಓಡಿಸುವವಳಾದ್ದರಿಂದ ನಿಯಮದಂತೆ ಒಂದು ಪ್ರತಿ ಅವಳ ಇಲಾಖೆಯ ವೈದ್ಯಾಧಿಕಾರಿಗೆ ಹೋಗಿದೆ. ಅಕ್ಕನ ಮಗಳೆಂದು ಮುಚ್ಚಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅವಳ ಬೆನ್ನ ಹಿಂದೆ ಎಂಟುನೂರು ಜನ ಕುಳಿತಿರುತ್ತಾರೆ.

ಶಿಸ್ತು, ಸತ್ಯ ಎಂದು ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿದವಳು ನೀನು. ಮನೆಯ ಮಗುವಿಗೆ ಹೇಳುವುದನ್ನು ಮರೆತೆ ಎಂದು ತೋರುತ್ತದೆ.

ನಿನ್ನ ತಮ್ಮ


ಮಾರ್ಚ್ ೯

ಚಿರಂಜೀವಿ ತಮ್ಮನಿಗೆ,

ಭಗವಂತನು ನಿನಗೆ ಆಯುಸ್ಸನ್ನೂ, ಅವನಿಂದ ಸಾಧ್ಯವಾದರೆ ವಿವೇಕವನ್ನೂ ಕರುಣಿಸಲಿ.

ನಿನ್ನ ಪತ್ರವನ್ನು ಕೆಂಪು ಮಸಿಯಲ್ಲಿ ತಿದ್ದಿ ಇದರೊಡನೆ ಹಿಂದಿರುಗಿಸಿದ್ದೇನೆ. ಹನ್ನೊಂದು ತಪ್ಪುಗಳಿವೆ. ಬಾಲ್ಯದಲ್ಲಿ ಹದಿನೈದು ಇರುತ್ತಿದ್ದವು. ಅರುವತ್ತು ವರ್ಷಗಳಲ್ಲಿ ನಾಲ್ಕು ತಪ್ಪುಗಳಷ್ಟು ಪ್ರಗತಿಯನ್ನು ಸಾಧಿಸಿರುವ ನಿನ್ನನ್ನು ಅಭಿನಂದಿಸುತ್ತೇನೆ.

ಹನ್ನೆರಡನೆಯ ತಪ್ಪು ಅಕ್ಷರಗಳಲ್ಲಿಲ್ಲ, ನಿನ್ನ ತರ್ಕದಲ್ಲಿದೆ. ಔಷಧವು ಕೆಲಸ ಮಾಡಲಿಲ್ಲ, ಆದುದರಿಂದ ರೋಗಿಯು ಕಳ್ಳಿ! ಸೊಗಸಾದ ನ್ಯಾಯಶಾಸ್ತ್ರ. ನಾಳೆ ನಿನ್ನ ಲೇಖನಿಯಲ್ಲಿ ಮಸಿ ಮೂಡದಿದ್ದರೆ ಕಾಗದವನ್ನು ಚಟಗಾರನೆಂದು ದೂರುವೆಯೇನು? ಅಜ್ಞಾನಕ್ಕೆ ಎರಡು ದಾರಿಗಳಿರುತ್ತವೆ: ತಿಳಿಯದೆಂದು ಒಪ್ಪುವುದೊಂದು, ತಿಳಿದವನಂತೆ ಸಹಿ ಹಾಕುವುದು ಮತ್ತೊಂದು. ನಿನ್ನ ಸಹಿಯಾದರೋ ಬಹಳ ದೊಡ್ಡದಾಗಿದೆ.

ಅಂದು ನಿನ್ನ ಚಿಕಿತ್ಸಾಲಯದ ಕಾಯುವ ಕೋಣೆಯಲ್ಲಿ, ಆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ, ಅವಳ ಪಕ್ಕದಲ್ಲೇ ಕುಳಿತವಳು ನಾನು. ನೀನೇ ರಚಿಸಿದೆನೆಂದು ಕೊಚ್ಚಿಕೊಳ್ಳುವ ಆ ಹಸಿರು ಕಾಗದದಲ್ಲಿ "ಈಗ ಸೇವಿಸುತ್ತಿರುವ ಔಷಧಗಳು" ಎಂಬ ಸಾಲಿದೆ. ಅದರ ಮುಂದೆ "ಯಾವುದೂ ಇಲ್ಲ" ಎಂದು ಅವಳು ಬರೆದುದನ್ನು ಕಣ್ಣಾರೆ ಕಂಡಿದ್ದೇನೆ. ಬರೆಯುವ ಮುನ್ನ ಒಮ್ಮೆ ನನ್ನ ಮುಖವನ್ನೂ ನೋಡಿದಳು. ಅವಳು ಬರೆದ ಮಾತು ಅಕ್ಷರಶಃ ಸತ್ಯವೆಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಆ ಟಿಪ್ಪಣಿಯನ್ನು ಹಿಂದಕ್ಕೆ ಪಡೆ.

ನಿನ್ನ ಅಕ್ಕ


ಮಾರ್ಚ್ ೧೦

ಮಗಳಿಗೆ, ಆಶೀರ್ವಾದಗಳು.

ನಿನ್ನ ಮಾವನಿಗೆ ಬರೆದ ಪತ್ರದಲ್ಲಿ ನಿನ್ನ ಪರವಾಗಿ ವಾದಿಸಿದ್ದೇನೆ. ನಿನಗೆ ಬರೆಯುವಾಗ ಆ ಶ್ರಮದ ಅಗತ್ಯವಿಲ್ಲ. ನೇರವಾಗಿಯೇ ಕೇಳುತ್ತೇನೆ: ನೀನು ನಿದ್ರೆಯ ಗುಳಿಗೆ ನುಂಗುತ್ತೀಯಾ?

ಪರೀಕ್ಷೆಗೆಂದು ಬಂದು ನಮ್ಮ ಮನೆಯಲ್ಲಿದ್ದ ಆ ಕೆಲವು ದಿನಗಳ ನಿನ್ನ ನಡವಳಿಕೆಯನ್ನು ನೆನೆದು ಕೇಳುತ್ತಿದ್ದೇನೆ. ಮೊದಲ ದಿನ ಚೆನ್ನಾಗಿಯೇ ಇದ್ದೆ. ಆಮೇಲೆ ಕಣ್ಣಿಗೆ ನಿದ್ರೆಯಿಲ್ಲ. ಚಮಚ ಕೆಳಗೆ ಬಿದ್ದರೆ ಬಾಂಬು ಬಿದ್ದಂತೆ ಬೆಚ್ಚಿದೆ. ಬಾಗಿಲಿನ ಚಿಲಕ ಸರಿಯಾಗಿ ಬೀಳುವುದಿಲ್ಲವೆಂಬ ಕಾರಣಕ್ಕೆ ಅತ್ತೆ. ಮೂವತ್ತೆಂಟು ವರ್ಷದ ಹೆಂಗಸು ಚಿಲಕವೊಂದಕ್ಕಾಗಿ ಅಳುವುದನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ. ಅಂದು ದುರಹಂಕಾರವೆಂದುಕೊಂಡಿದ್ದೆ. ಇಂದು ಮಾವನ ಪತ್ರವನ್ನು ಓದಿದ ಮೇಲೆ ಚಟದವರ ಲಕ್ಷಣವೂ ಹೀಗೆಯೇ ಅಲ್ಲವೇ ಎನಿಸುತ್ತಿದೆ.

ಗುಳಿಗೆಗಳ ಮೇಲೆ ನಿನಗಿದ್ದ ಮೋಹವನ್ನು ನಾನು ಅರಿಯದವಳಲ್ಲ. ಒಂದು ಬಗೆಯ ಗುಳಿಗೆಗೆ ಯಾವ ಗತಿಯಾಯಿತೆಂಬುದು ನಮ್ಮಿಬ್ಬರಿಗೂ ಗೊತ್ತು. ಅದು ಮುಗಿದ ವಿಷಯ, ಅದನ್ನು ಪತ್ರಕ್ಕೆ ತರುವುದು ಬೇಡ. ನಾನು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸು.

ಅಮ್ಮ


ಮಾರ್ಚ್ ೧೯

ಅಮ್ಮಾ,

ಕೇಳಿದಷ್ಟಕ್ಕೆ ಉತ್ತರ: ಇಲ್ಲ. ಯಾವತ್ತೂ ಇಲ್ಲ.

ನನ್ನನ್ನು ಎಂಜಿನ್‌ನಿಂದ ಇಳಿಸಿದ್ದಾರೆ. ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಕೂರಿಸಿದ್ದಾರೆ. ನೂರ ಹದಿನಾಲ್ಕು ಛತ್ರಿ, ಒಂದು ಹಲ್ಲಿನ ಸೆಟ್ಟು, ಹನ್ನೊಂದು ವರ್ಷದ ಅನುಭವವಿರುವ ಒಬ್ಬ ಚಾಲಕಿ. ಯಾರಾದರೂ ಗುರುತು ಹೇಳಿ ಬಿಡಿಸಿಕೊಂಡು ಹೋಗುವವರೆಗೆ ನಾವೆಲ್ಲ ಇಲ್ಲೇ. ಮೇ ತಿಂಗಳಲ್ಲಿ ವೈದ್ಯಕೀಯ ಮಂಡಳಿ ಕೂರುತ್ತದೆ. ಟಿಪ್ಪಣಿ ನಿಜವೆಂದು ಅವರು ತೀರ್ಮಾನಿಸಿದರೆ ಮತ್ತೆ ಎಂಜಿನ್ ಹತ್ತುವಂತಿಲ್ಲ. ಸಹೋದ್ಯೋಗಿಗಳು ಒಳ್ಳೆಯವರು. "ನಿದ್ದೆಗುಳಿಗೆ ತಿಂದೂ ನಿದ್ದೆ ಬರಲ್ವಾ ನಿಂಗೆ? ನಮಗೆ ಸಿಗ್ನಲ್ ನೋಡ್ತಾನೇ ಬರತ್ತಲ್ಲೇ" ಎಂದು ನಗಿಸಲು ನೋಡುತ್ತಾರೆ.

ಮಾವ ಮೂರನೆಯ ಸೂಜಿಯ ನಂತರ ನಾನು ಮಲಗಿದೆ ಎಂದುಕೊಂಡರು. ನಾನು ಮಲಗಿರಲಿಲ್ಲ. ದೀಪ ಕಣ್ಣಿಗೆ ಚುಚ್ಚುತ್ತಿತ್ತು, ಅದಕ್ಕೆ ಮುಚ್ಚಿದ್ದೆ. ಅವರು ದಾದಿಯ ಜೊತೆ ಆಡಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

"ಗಂಡ ಬೇಡ, ಮಕ್ಕಳು ಬೇಡ, ರೈಲು ಬೇಕು ಈಕೆಗೆ. ಇಂಥವರು ಗುಳಿಗೆ ನುಂಗದೆ ಇನ್ನೇನ್ ಮಾಡ್ತಾರಮ್ಮ?"

"ಡಾಕ್ಟ್ರೇ, ರೆಪ್ಪೆ ಅಲ್ಲಾಡ್ತಿದೆ."

"ಕನಸು ಬಿಡು. ಇವಳಮ್ಮ ಇದಾಳಲ್ಲ ನಮ್ಮಕ್ಕ, ಅವಳನ್ನ ಮಲಗಿಸೋ ಔಷಧಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಪುರಾಣ ಶುರು ಮಾಡಿದ್ರೆ ಎದುರಿಗಿದ್ದೋರು ಮಲಗ್ತಾರೆ ಅಷ್ಟೆ."

ದಾದಿ ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ಕೊಳವೆ ಗಂಟಲಿಗೆ ಇಳಿಯಿತು.

ಇದರ ಕೆಳಗೆ ಒಂದು ಪ್ಯಾರಾ ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದರೂ ಕಾಣದಷ್ಟು ಗಟ್ಟಿಯಾಗಿ. ಮುಗಿದ ವಿಷಯ ಅಂದೆಯಲ್ಲ.

ಚಿನಕುರಳಿ


ಮಾರ್ಚ್ ೨೪

ತಮ್ಮನಿಗೆ,

ಈ ಬಾರಿ ಹಾರೈಕೆಗಳನ್ನು ಉಳಿಸಿಕೊಂಡಿದ್ದೇನೆ.

ಮಲಗಿರುವಳೆಂದು ನೀನು ನಂಬಿದ ಹೆಣ್ಣು ಕಿವಿ ತೆರೆದುಕೊಂಡೇ ಇದ್ದಳು. ನಿನ್ನ ಬಾಯಿಯಿಂದ ಉದುರಿದ ಮುತ್ತುಗಳನ್ನೆಲ್ಲ ಆಯ್ದು ನನಗೆ ಕಳುಹಿಸಿದ್ದಾಳೆ. ಆ ಹಾಳೆಯ ನಕಲು ಇದರೊಡನೆ ಇದೆ. ನಿನ್ನ ದಾದಿಯ ಮುಂದೆ ಹಿಡಿದು ನೋಡು, ಒಂದು ಅಕ್ಷರ ತಪ್ಪಿದ್ದರೆ ತಿಳಿಸು.

ನನ್ನ ಪುರಾಣಕ್ಕೆ ಜನರು ನಿದ್ರಿಸುವರೆಂದಿದ್ದೀಯೆ. ಆಗಲಿ. ಹಾಗಾದರೆ ನಮ್ಮಿಬ್ಬರಲ್ಲಿ ಆ ವೃತ್ತಿಗೆ ಯೋಗ್ಯಳು ನಾನೇ ಹೊರತು ನೀನಲ್ಲ. ನಿನ್ನ ಮೂರು ಸೂಜಿಗಳಿಂದ ಆಗದುದು ನನ್ನ ಒಂದು ಅಧ್ಯಾಯದಿಂದ ಆಗುತ್ತಿತ್ತು.

ಈಗ ವೈದ್ಯನಾಗಿ ಉತ್ತರಿಸು, ಸೋದರನಾಗಿ ಬೇಡ. ಆ ಔಷಧವು ಎಚ್ಚರವನ್ನು ಮಾತ್ರವಲ್ಲ, ನೆನಪನ್ನೂ ಒರಸಿಹಾಕುತ್ತದೆಯೆಂದು ನೀನೇ ಹಿಂದೆ ಜಂಬದಿಂದ ಹೇಳಿದ್ದೆ. ಇವಳ ನೆನಪೇಕೆ ಒರಸಿಹೋಗಲಿಲ್ಲ? ಗೊತ್ತಿಲ್ಲವಾದರೆ "ಗೊತ್ತಿಲ್ಲ" ಎಂದು ಬರೆ. ಆ ಪದದಲ್ಲಿ ನೀನು ತಪ್ಪು ಮಾಡುವ ಸಂಭವ ಕಡಿಮೆ.

ಅಕ್ಕ


ಏಪ್ರಿಲ್ ೧೧

ಅಕ್ಕಾ,

ನಿನ್ನ ಪತ್ರವನ್ನು ಹದಿನೈದು ದಿನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೆ. ದಾದಿ ಒಂದೊಂದು ಮಾತೂ ನಿಜವೆಂದಳು.

ನಮ್ಮಲ್ಲಿ ಹೊಸದಾಗಿ ಒಬ್ಬ ವೈದ್ಯೆ ಸೇರಿದ್ದಾಳೆ. ವಯಸ್ಸು ನನ್ನ ಅರ್ಧ, ಜಂಬ ನನ್ನ ಎರಡರಷ್ಟು. ದಾಖಲೆಯನ್ನು ತಿರುವಿ ಹಾಕಿ, "ಸರ್, ಈ ಪೇಷೆಂಟ್ ಏನು ತಗೋತಿದಾರೆ ಅಂತ ಕೇಳಿದೀರಿ. ಏನು ಬಿಟ್ಟಿದಾರೆ ಅಂತ ಕೇಳಿದ್ರಾ?" ಎಂದಳು.

"ಬಿಟ್ಟಿದ್ದನ್ನ ಕಟ್ಕೊಂಡು ನಮಗೇನಮ್ಮ?"

"ನಮಗೇನಿಲ್ಲ ಸರ್. ಮಿದುಳಿಗೆ ಇರತ್ತೆ."

ಎದ್ದು ಹೋಗು ಎನ್ನಬೇಕೆನಿಸಿತು. ಆದರೆ ಅವಳು ತಂದುಕೊಟ್ಟ ಲೇಖನಗಳನ್ನು ಒಂದು ವಾರ ಕೂತು ಓದಿದೆ. ನಿನಗೆ ತಿಳಿಯುವಂತೆ ಬರೆಯುತ್ತೇನೆ.

ಮುಟ್ಟಿನ ರಕ್ತಸ್ರಾವ ವಿಪರೀತವಾದವರಿಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಗುಳಿಗೆ ಕೊಡುವುದುಂಟು. ದೇಹವು ಅದರಿಂದ ಇನ್ನೊಂದು ಪದಾರ್ಥವನ್ನು ತಯಾರಿಸಿಕೊಳ್ಳುತ್ತದೆ. ಅದು ಮಿದುಳಿಗೆ ಹೋಗಿ, ನಾನು ಸೂಜಿಯಲ್ಲಿ ಕೊಡುವ ಔಷಧ ಹಿಡಿದುಕೊಳ್ಳುವ ಗ್ರಾಹಕವನ್ನೇ ತಾನೂ ಹಿಡಿದುಕೊಂಡು, ನರಗಳನ್ನು ಸಮಾಧಾನದಲ್ಲಿಡುತ್ತದೆ. ಗ್ರಾಹಕವೆಂದರೆ ಐದು ತುಂಡುಗಳನ್ನು ಜೋಡಿಸಿ ಕಟ್ಟಿದ ಪುಟ್ಟ ಬಾಗಿಲೆಂದುಕೊ. ಬಹುಕಾಲ ಬರುತ್ತಿದ್ದ ಆ ಪದಾರ್ಥವು ಒಮ್ಮೆಲೇ ನಿಂತುಹೋದರೆ, ಕೆಲವೇ ದಿನಗಳಲ್ಲಿ ಮಿದುಳು ಎಷ್ಟೋ ಬಾಗಿಲುಗಳ ಒಂದು ತುಂಡನ್ನು ಬದಲಿಸಿಬಿಡುತ್ತದೆ. ಹೊಸ ತುಂಡಿನಲ್ಲಿ ನನ್ನ ಔಷಧಕ್ಕೆ ಕಾಲೂರುವ ಜಾಗವಿಲ್ಲ. ಬಾಗಿಲು ಅಲ್ಲೇ ಇರುತ್ತದೆ, ಎಷ್ಟು ತಟ್ಟಿದರೂ ಕೇಳಿಸುವುದಿಲ್ಲ. ಆ ದಿನಗಳಲ್ಲಿ ನಿದ್ದೆ ಹಾರಿಹೋಗುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ, ಕಾರಣವಿಲ್ಲದೆ ಅಳು ಬರುತ್ತದೆ. ಇದೆಲ್ಲ ಇಲಿಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ಮನುಷ್ಯರಲ್ಲಿ ಪುರಾವೆ ಇನ್ನೂ ತೆಳು. ಆದರೆ ಚಟದವರಲ್ಲಿ ನೆನಪು ಇಷ್ಟು ನಿಚ್ಚಳವಾಗಿ ಉಳಿಯುವುದು ಅಪರೂಪ. ಅಲ್ಲಿಗೆ ನನ್ನ ಟಿಪ್ಪಣಿ ಕುಂಟಿತು.

ನಿನ್ನ ಮಗಳಿಗೆ ಫೋನ್ ಮಾಡಿದೆ. ಎರಡು ವರ್ಷ ಅದೇ ಗುಳಿಗೆ ತೆಗೆದುಕೊಳ್ಳುತ್ತಿದ್ದಳಂತೆ. "ಯಾವಾಗ ಬಿಟ್ಟೆ? ಯಾರು ಬಿಡಿಸಿದ್ರು?" ಎಂದರೆ, "ಅಮ್ಮನ್ನ ಕೇಳಿ ಮಾವ" ಎಂದು ಫೋನ್ ಇಟ್ಟುಬಿಟ್ಟಳು.

ನನ್ನ ಊಹೆಯಷ್ಟೇ ಮಂಡಳಿಗೆ ಸಾಲದು. ಆ ದಿನದ ರಕ್ತವನ್ನು ಪರೀಕ್ಷಿಸಿದರೆ ನಾನು ಸುರಿದದ್ದೇ ಕಾಣುತ್ತದೆ. ಗುಳಿಗೆ ಯಾವ ದಿನ ನಿಂತಿತು, ಹೇಗೆ ನಿಂತಿತು ಎಂದು ಕಂಡವರು ಹೇಳಬೇಕು. ಅವಳ ಮಾತನ್ನು ಅವರು ನಂಬುವುದಿಲ್ಲ. ಹಾಗೆ ನಂಬದಂತೆ ಮಾಡಿದವನು ನಾನು.

ನಿನಗೇನು ಗೊತ್ತು, ಅಕ್ಕಾ?

ತಮ್ಮ


ಮೇ ೨

ಅಕ್ಕಾ,

ಮೂರು ವಾರವಾಯಿತು. ಪಕ್ಕದ ಮನೆಗೆ ಫೋನ್ ಮಾಡಿದರೆ ನೀನು ಪ್ರಾರ್ಥನೆಯಲ್ಲಿದ್ದೀಯೆ ಎಂದು ಹೇಳುತ್ತಾರೆ. ಮೂರು ಹೊತ್ತೂ ಪ್ರಾರ್ಥನೆಯೇ? ದೇವರಿಗೂ ಬೇರೆ ಕೆಲಸವಿರುತ್ತದೆ.

ಮಂಡಳಿ ಮೇ ಹನ್ನೆರಡಕ್ಕೆ ಕೂರುತ್ತದೆ. ನನ್ನ ಟಿಪ್ಪಣಿಯನ್ನು ಹಿಂದೆಗೆದುಕೊಳ್ಳುವೆನೆಂದು ಬರೆದೆ. "ಮೊದಲು ಬರೆದದ್ದು ಸುಳ್ಳೋ, ಈಗ ಬಂಧುವೆಂದು ಬರೆಯುತ್ತಿರುವುದು ಸುಳ್ಳೋ?" ಎಂದು ಕೇಳಿದ್ದಾರೆ. ಕೇಳಬೇಕಾದದ್ದೇ.

ನಿನ್ನ ಕೆಂಪು ಮಸಿ ಒಣಗಿಹೋಯಿತೇ?

ತಮ್ಮ


ಮೇ ೬

ವೈದ್ಯಕೀಯ ಮಂಡಳಿಯ ಅಧ್ಯಕ್ಷರ ಸನ್ನಿಧಿಗೆ,

ತಮ್ಮ ಮುಂದೆ ವಿಚಾರಣೆಗೆ ನಿಂತಿರುವ ರೈಲು ಚಾಲಕಿಯ ತಾಯಿ ನಾನು. ನಿವೃತ್ತ ಶಿಕ್ಷಕಿ. ವಯಸ್ಸು ಎಪ್ಪತ್ತೊಂದು. ಕಣ್ಣಿಗೂ ಬುದ್ಧಿಗೂ ಮಂಕಿಲ್ಲವೆಂದು ಇದುವರೆಗೆ ನಂಬಿದ್ದೆ. ಕಣ್ಣಿನ ವಿಷಯದಲ್ಲಿ ಈಗಲೂ ಹಾಗೆಯೇ ನಂಬಿದ್ದೇನೆ.

ಫೆಬ್ರವರಿ ಇಪ್ಪತ್ತೇಳರ ಬೆಳಿಗ್ಗೆ, ಪರೀಕ್ಷೆಗೆ ನಾಲ್ಕು ದಿನ ಮುಂಚೆ, ನನ್ನ ಮಗಳ ಕೈಚೀಲದಲ್ಲಿ ಹಾರ್ಮೋನಿನ ಗುಳಿಗೆಗಳ ಡಬ್ಬಿಯನ್ನು ಕಂಡೆ. ಚೀಲವನ್ನು ತೆರೆದದ್ದು ಅವಳನ್ನು ಕೇಳದೆ. ಆ ಗುಳಿಗೆಯನ್ನು ಯಾರು, ಯಾವ ಬಾಧೆಗಾಗಿ ಕೊಟ್ಟಿದ್ದರೆಂದು ನಾನು ವಿಚಾರಿಸಲಿಲ್ಲ. ಭಗವಂತನು ಸ್ತ್ರೀದೇಹಕ್ಕೆ ವಿಧಿಸಿದ ಕ್ರಮವನ್ನು ತಡೆಹಿಡಿಯುವ ವಸ್ತುವೆಂದೂ, ಅವಳ ಹೊಟ್ಟೆನೋವಿಗೆ ಅದೇ ಮೂಲವೆಂದೂ ನಾನೇ ತೀರ್ಪಿತ್ತೆ. ಅವಳ ಕಣ್ಣೆದುರಿಗೇ ಕೈತೊಳೆಯುವ ತೊಟ್ಟಿಯ ಬಳಿ ನಿಂತು, ಹಾಳೆಯಿಂದ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೀರಿಗೆ ಬಿಟ್ಟೆ. ಇಪ್ಪತ್ತೆಂಟು ಗುಳಿಗೆಗಳು. ಒಂದೊಂದಕ್ಕೂ ದೇವರ ಒಂದೊಂದು ನಾಮವನ್ನು ಉಚ್ಚರಿಸಿದೆ. ಆ ನಾಮಗಳನ್ನು ನಾನು ಅಷ್ಟು ಹೀನವಾಗಿ ಎಂದೂ ಬಳಸಿದವಳಲ್ಲ.

ಅವಳು ಬೇಡವೆಂದಳು. ನಡೆದ ಮಾತುಗಳನ್ನು ಇದ್ದಂತೆಯೇ ನಿವೇದಿಸುತ್ತೇನೆ.

"ಅಮ್ಮಾ, ಏಕಾಏಕಿ ಬಿಡಬೇಡಿ ಅಂತ ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ನಿನ್ನ ಹೆತ್ತಿದಾರಾ?"

"ಹೆತ್ತಿಲ್ಲಮ್ಮ. ಓದಿದಾರೆ."

ನಾನೂ ಓದಿದವಳೆಂದು ಹೇಳಿ ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದೆ. ಹೊಸ ಡಬ್ಬಿಯನ್ನು ಕೊಂಡರೆ ನನ್ನ ಮನೆಯ ಹೊಸಿಲು ತುಳಿಯಬೇಡವೆಂದೆ. ಇದನ್ನು ನನ್ನ ತಮ್ಮನಿಗೆ, ಎಂದರೆ ಅವಳಿಗೆ ಮಂಪರಿನ ಔಷಧ ಕೊಡಲಿದ್ದ ವೈದ್ಯನಿಗೆ, ಹೇಳಕೂಡದೆಂದೂ ಮಾತು ತೆಗೆದುಕೊಂಡೆ. ಕಾರಣ ಕ್ಷುಲ್ಲಕವಾದುದು: ಅವನು ನಗುತ್ತಾನೆಂಬ ಭಯ.

ಅವನ ಚಿಕಿತ್ಸಾಲಯದಲ್ಲಿ "ಈಗ ಸೇವಿಸುತ್ತಿರುವ ಔಷಧಗಳು" ಎಂಬ ಸಾಲು ಬಂದಾಗ ಅವಳು ಲೇಖನಿಯನ್ನು ತಡೆದು ನನ್ನ ಮುಖವನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು "ಯಾವುದೂ ಇಲ್ಲ" ಎಂದು ಬರೆದಳು. ಅಕ್ಷರಶಃ ಸತ್ಯವಾದ ಆ ಸುಳ್ಳು ನನ್ನದು, ಕೈ ಮಾತ್ರ ಅವಳದು. ಮಾರ್ಚ್ ತಿಂಗಳಿಡೀ ನಾನು ತಮ್ಮನನ್ನು ಮೂರ್ಖನೆಂದೂ, ಮಗಳನ್ನು ಚಟದವಳೆಂದೂ ಪತ್ರಗಳಲ್ಲಿ ಹಂಗಿಸುತ್ತಿದ್ದೆ. ಅವಳ ನಿದ್ರಾಹೀನತೆಯನ್ನೂ ಕಣ್ಣೀರನ್ನೂ ಹತ್ತಿರದಿಂದ ಕಂಡವಳು ನಾನೊಬ್ಬಳೇ. ಅದನ್ನು ರೋಗಲಕ್ಷಣವೆಂದು ತಿಳಿಯದಿದ್ದುದು ಅಜ್ಞಾನ. ಏಪ್ರಿಲ್ ತಿಂಗಳಲ್ಲಿ ತಮ್ಮನ ಪತ್ರದಿಂದ ತಿಳಿದ ಮೇಲೆಯೂ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ಅಜ್ಞಾನವೆಂಬ ಗೌರವದ ಹೆಸರು ಸಲ್ಲದು, ಹೇಡಿತನವೆನ್ನಬೇಕು. ಆ ಮೂರು ವಾರ ಪ್ರಾರ್ಥನೆಗೆ ಕುಳಿತೆ. ಉತ್ತರ ಮೊದಲ ದಿನವೇ ದೊರೆತಿತ್ತು. ಬೇರೊಂದು ಉತ್ತರ ದೊರೆಯಲೆಂದು ಕುಳಿತೇ ಇದ್ದೆ.

ಮಿದುಳಿನ ಗ್ರಾಹಕಗಳ ವಿಷಯವನ್ನು ಬಲ್ಲವರು ನಿರ್ಣಯಿಸಲಿ. ದಿನಾಂಕಕ್ಕೂ ತೊಟ್ಟಿಗೂ ಸಂಖ್ಯೆಗೂ ನಾನು ಸಾಕ್ಷಿ. ಪ್ರಮಾಣ ಮಾಡಿ ನುಡಿಯಲು ಯಾವ ದಿನ ಕರೆದರೂ ಬರುತ್ತೇನೆ.

ಚಾಲಕಿಯ ತಾಯಿ


ಮೇ ೨೩

ಅಮ್ಮಾ,

ನಿನ್ನ ಕಾಗದವನ್ನು ಮಂಡಳಿಯಲ್ಲಿ ಗಟ್ಟಿಯಾಗಿ ಓದಿಸಿದರು. ಓದಿದ ಗುಮಾಸ್ತರು "ಕ್ಷುಲ್ಲಕ" ಎಂಬಲ್ಲಿ ಎರಡು ಸಲ ಎಡವಿದರು. ನೀನಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಪ್ಪತ್ತೆಂಟು ನಾಮಗಳ ಸಾಲು ಬಂದಾಗ ಯಾರೂ ತಲೆ ಎತ್ತಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು, "ನಿಮ್ಮ ತಾಯಿ ಮೇಷ್ಟರಾಗಿದ್ರಾ?" ಎಂದರು. ಹೌದೆಂದೆ. "ಗೊತ್ತಾಯ್ತು ಬಿಡಿ, ನಮಗೂ ಒಬ್ಬರಿದ್ರು" ಎಂದರು.

ಮಾವ ಬಂದಿದ್ದರು. ಗುಳಿಗೆ ಬರೆದುಕೊಟ್ಟಿದ್ದ ವೈದ್ಯರ ಚೀಟಿಗಳನ್ನು ತಂದಿದ್ದರು, ಆ ಹೊಸ ವೈದ್ಯೆಯನ್ನೂ ಕರೆತಂದಿದ್ದರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದೆನೆಂದು ಎಲ್ಲರ ಮುಂದೆ ಹೇಳಿ, ಟಿಪ್ಪಣಿಯನ್ನು ಹೊಡೆದುಹಾಕಿ ಸಹಿ ಮಾಡಿದರು. ಈ ಸಲದ ಸಹಿ ಚಿಕ್ಕದಾಗಿತ್ತು. ಅವರ ಹಸಿರು ಕಾಗದದಲ್ಲಿ ಹೊಸ ಸಾಲು ಬಂದಿದೆ: "ಇತ್ತೀಚೆಗೆ ನಿಲ್ಲಿಸಿದ ಔಷಧಗಳು, ಮತ್ತು ನಿಲ್ಲಿಸಿದವರು ಯಾರು."

ಮೂರು ತಿಂಗಳು ಇನ್ನೊಬ್ಬ ಚಾಲಕರ ಜೊತೆ ಕೂತು ಓಡಿಸಬೇಕು. ಆಮೇಲೆ ಎಂಜಿನ್ ನನ್ನದೇ. ನಿನ್ನೆ ಹತ್ತಿದೆ. ಛತ್ರಿಗಳು ಇನ್ನೂ ಅಲ್ಲೇ ಇವೆ.

ನೀನು ಬರೆದದ್ದು ಮಂಡಳಿಗೆ. ನನಗೆ ಇನ್ನೂ ಒಂದು ಸಾಲನ್ನೂ ಬರೆದಿಲ್ಲ. ಬರೆಯುವುದು ಕಷ್ಟವಾದರೆ ಬಿಡು. ನಾನೂ ಕ್ಷಮಿಸಿದೆನೆಂದು ಈಗಲೇ ಬರೆಯಲಾರೆ.

ಗುಳಿಗೆ ಮತ್ತೆ ಶುರುವಾಗಿದೆ. ಭಾನುವಾರ ಬರುತ್ತೇನೆ. ಡಬ್ಬಿಯನ್ನು ಕೈಚೀಲದಲ್ಲಿಡುವುದಿಲ್ಲ. ಆ ತೊಟ್ಟಿಯ ಅಂಚಿನ ಮೇಲೆಯೇ ಇಡುತ್ತೇನೆ. ಊಟವಾದ ಮೇಲೆ ಒಂದು. ನನಗೆ ಮರೆವು ಜಾಸ್ತಿ. ನೆನಪಿಸುವ ಕೆಲಸ ನಿನ್ನದು.

ಚಿನಕುರಳಿ